ಬಾಯ್ಲರಿನ ಬಾಯಿ ತೆರೆಯುವ ಮುನ್ನ

ಬೇರಿಂಗಿನ ಅಂಚಿನಲ್ಲಿ 6205 ಎಂದು ಕೆತ್ತಿದ್ದರೆ ಅದರ ಒಳರಂಧ್ರ 25 ಮಿಲಿಮೀಟರ್. ಕೊನೆಯ ಎರಡು ಅಂಕಿಗಳನ್ನು ಐದರಿಂದ ಗುಣಿಸಿದರೆ ಆಯಿತು. 22218 ಆದರೆ 90. ತೀರಾ ಚಿಕ್ಕ, ತೀರಾ ದೊಡ್ಡ ಬೇರಿಂಗುಗಳಿಗೆ ಈ ಲೆಕ್ಕ ಹೊಂದುವುದಿಲ್ಲ, ಉಳಿದವಕ್ಕೆಲ್ಲ ಇದೇ. ಎಂಜಿನಿಯರಿಂಗ್ ಕಾಲೇಜಿನಲ್ಲಿ ಇದನ್ನು ಹೇಳಿಕೊಡಲಿ ಬಿಡಲಿ, ಕಾರ್ಖಾನೆಯ ಸ್ಟೋರ್ಸ್ ಕಿಟಕಿಯಲ್ಲಿ ವರ್ಷಗಟ್ಟಲೆ ನಿಂತವನಿಗೆ ಬಾಯಿಪಾಠ. ಎಣ್ಣೆಗೈಯಲ್ಲೇ ಓಡಿಬಂದ ಫಿಟ್ಟರ್ ‘ಆ ಪಂಪಿಂದು, ಇಷ್ಟು ದಪ್ಪ ಐತಿ ನೋಡ್ರಿ’ ಎಂದು ಬೆರಳಿನಲ್ಲಿ ಅಳತೆ ತೋರಿಸಿದರೆ, ನಂಬರು ಯಾವುದು, ಯಾವ ರ್‍ಯಾಕಿನ ಯಾವ ಖಾನೆಯಲ್ಲಿದೆ, ಎಷ್ಟು ಉಳಿದಿದೆ ಎಂದು ಅವನಿಗೆ ಹೊಳೆಯಬೇಕು.

ದಾವಣಗೆರೆ–ಹರಿಹರದ ಕಾರ್ಖಾನೆಗಳ ಕತೆ ಹೇಳುವಾಗ ಮಾಲೀಕರು, ಕಾರ್ಮಿಕರು, ಮುಷ್ಕರಗಳು, ಚಿಮಣಿಯ ಹೊಗೆ ಎಲ್ಲ ಬರುತ್ತವೆ. ಸ್ಟೋರ್ಸ್ ಮಾತ್ರ ಬರುವುದಿಲ್ಲ. ಆದರೆ ಈ ಸೀಮೆಯಲ್ಲಿ ಒಂದಲ್ಲ ಒಂದು ಪಾತ್ರೆಯನ್ನು ಕಾಯಿಸದೆ, ಕುದಿಸದೆ, ಒತ್ತಡಕ್ಕೆ ಒಡ್ಡದೆ ನಡೆಯುವ ದೊಡ್ಡ ಉದ್ಯಮವೇ ಕಡಿಮೆ. ಭದ್ರಾ ನಾಲೆಯ ನೀರಿನಲ್ಲಿ ಬೆಳೆದ ಭತ್ತವನ್ನು ಕುಸುಬಲಕ್ಕಿ ಮಾಡುವ ಮಿಲ್ಲುಗಳಲ್ಲಿ ಹೊಟ್ಟು ಉರಿಸುವ ಬಾಯ್ಲರ್ ಇದೆ. ಕುಕ್ಕುವಾಡದ ಸಕ್ಕರೆ ಕಾರ್ಖಾನೆಗೆ ಕಬ್ಬಿನ ಸಿಪ್ಪೆಯ ಬಾಯ್ಲರ್. ಹರಿಹರದಿಂದ ತುಂಗಭದ್ರೆ ದಾಟಿದರೆ, ಹಾವೇರಿ ಜಿಲ್ಲೆಗೆ ಸೇರಿದ ಕುಮಾರಪಟ್ಟಣದಲ್ಲಿ ಮರವನ್ನು ಬೇಯಿಸಿ ತಿರುಳು ತೆಗೆಯುವ ಡೈಜೆಸ್ಟರುಗಳು. ಇವನ್ನೆಲ್ಲ ಕಾಲಕಾಲಕ್ಕೆ ನಿಲ್ಲಿಸಿ, ಆರಿಸಿ, ಒಳಗೆ ಇಳಿದು ನೋಡಲೇಬೇಕು.

ನೋಡಲೇಬೇಕು ಎನ್ನುವುದು ಬರೀ ಜಾಣತನದ ಮಾತಲ್ಲ, ಕಾನೂನು. 1923ರ ಬಾಯ್ಲರ್ ಕಾಯಿದೆ ಬ್ರಿಟಿಷರ ಕಾಲದಿಂದ ನಡೆದುಬಂತು, ಅದರ ಜಾಗಕ್ಕೆ 2025ರಲ್ಲಿ ಹೊಸ ಕಾಯಿದೆ ಬಂತು. ಸರ್ಟಿಫಿಕೇಟ್ ಇಲ್ಲದ ಬಾಯ್ಲರನ್ನು ಉರಿಸುವಂತಿಲ್ಲ, ಆ ಸರ್ಟಿಫಿಕೇಟಿಗೆ ಸಾಮಾನ್ಯವಾಗಿ ಹನ್ನೆರಡು ತಿಂಗಳ ಆಯುಸ್ಸು. ನಮ್ಮ ರಾಜ್ಯದಲ್ಲಿ ಕಾರ್ಖಾನೆಗಳು ಮತ್ತು ಬಾಯ್ಲರುಗಳ ಇಲಾಖೆಯ ಇನ್‌ಸ್ಪೆಕ್ಟರ್ ಬರುವ ಹೊತ್ತಿಗೆ ಬಾಯ್ಲರ್ ತಣ್ಣಗಾಗಿರಬೇಕು, ನೀರು ಖಾಲಿಯಾಗಿರಬೇಕು, ಒಳಗಿನ ಗಸಿ ಕೆರೆದಿರಬೇಕು, ಮ್ಯಾನ್‌ಹೋಲ್ ತೆರೆದಿರಬೇಕು. ಆಮೇಲೆ ಮುಚ್ಚಿ, ನೀರು ತುಂಬಿ, ಒತ್ತಡ ಏರಿಸಿ ಪರೀಕ್ಷೆ. ಅಂದರೆ ಸಣ್ಣ ರೈಸ್‌ಮಿಲ್ಲಿನವರಿಗೂ ವರ್ಷಕ್ಕೊಮ್ಮೆ ಒಂದು ಬೇಡಿಕೆ ಪಟ್ಟಿ ತಾನಾಗಿಯೇ ಹುಟ್ಟುತ್ತದೆ: ಮ್ಯಾನ್‌ಹೋಲ್ ಗ್ಯಾಸ್ಕೆಟ್, ನೀರಿನ ಮಟ್ಟ ತೋರಿಸುವ ಗಾಜಿನ ಕೊಳವೆ, ವಾಲ್ವುಗಳ ಗ್ಲ್ಯಾಂಡ್ ಪ್ಯಾಕಿಂಗ್, ಫ್ಯೂಸಿಬಲ್ ಪ್ಲಗ್. ಬಾಯ್ಲರ್ ನಿಂತಾಗಲೇ ಎಲಿವೇಟರಿನ ಬಕೆಟ್ಟು, ಬೆಲ್ಟು, ಭತ್ತದ ಸಿಪ್ಪೆ ಸುಲಿಯುವ ರಬ್ಬರ್ ರೋಲುಗಳನ್ನೂ ನೋಡಿಕೊಂಡುಬಿಡುತ್ತಾರೆ. ಈ ರೋಲುಗಳು ಜೋಡಿಯಾಗಿ, ಒಂದು ವೇಗವಾಗಿ ಇನ್ನೊಂದು ನಿಧಾನವಾಗಿ ತಿರುಗುತ್ತವೆ. ವೇಗದ್ದು ಬೇಗ ಸವೆಯುವುದರಿಂದ ನಡುವೆ ಅದಲುಬದಲು ಮಾಡಿ, ಎರಡನ್ನೂ ಕೊನೆವರೆಗೆ ದುಡಿಸಿಕೊಳ್ಳುವುದು ಮಿಲ್ಲಿನವರ ರೂಢಿ. ಸುಗ್ಗಿ ಶುರುವಾಗಿ ಭತ್ತದ ಲಾರಿಗಳು ಗೇಟಿನ ಮುಂದೆ ನಿಂತಾಗ ರೋಲು ಹುಡುಕಿಕೊಂಡು ಅಂಗಡಿಗೆ ಹೊರಟವನಿಗೆ ದರ ಕೇಳುವ ಹಕ್ಕಿಲ್ಲ.

ದೊಡ್ಡ ಕಾರ್ಖಾನೆಯಲ್ಲಿ ಇದೇ ಕೆಲಸ ನೂರು ಪಟ್ಟು ಹಿಗ್ಗುತ್ತದೆ. ಕುಮಾರಪಟ್ಟಣದ ಹರಿಹರ ಪಾಲಿಫೈಬರ್ಸ್ ಗ್ರಾಸಿಮ್ ಕಂಪನಿಯ ಘಟಕವಾಗಿ 1972ರಲ್ಲಿ ಶುರುವಾದದ್ದು. ವಿಸ್ಕೋಸ್ ನಾರಿಗೆ ಬೇಕಾದ ತಿರುಳು ಅದರ ಉತ್ಪನ್ನ. (1980ರ ದಶಕದಲ್ಲಿ ಇದರ ಕೊಳಚೆ ನೀರಿನ ವಿರುದ್ಧವೂ, ಗೋಮಾಳಗಳಲ್ಲಿ ನೀಲಗಿರಿ ನೆಡುವುದರ ವಿರುದ್ಧವೂ ಸಮಾಜ ಪರಿವರ್ತನ ಸಮುದಾಯ ನಡೆಸಿದ ಹೋರಾಟ ಬೇರೆಯೇ ಒಂದು ಲೇಖನ ಬೇಡುತ್ತದೆ. 1987ರ ನವೆಂಬರಿನಲ್ಲಿ ಕುಸನೂರಿನಲ್ಲಿ ನೀಲಗಿರಿ ಕಿತ್ತು ಬೇರೆ ಸಸಿ ಹಚ್ಚಿದ ‘ಕಿತ್ತಿಕೋ ಹಚ್ಚಿಕೋ’ ಸತ್ಯಾಗ್ರಹವನ್ನು ಈ ಸೀಮೆಯವರು ಮರೆತಿಲ್ಲ.) ಮರದ ಚೂರುಗಳನ್ನು ಡೈಜೆಸ್ಟರಿನಲ್ಲಿ ರಾಸಾಯನಿಕದ ಜತೆ ಬೇಯಿಸಿದಾಗ ತಿರುಳು ಬೇರೆ, ಕಪ್ಪು ದ್ರವ ಬೇರೆ ಆಗುತ್ತದೆ. ಆ ದ್ರವವನ್ನು ಗಟ್ಟಿ ಮಾಡಿ ರಿಕವರಿ ಬಾಯ್ಲರಿನಲ್ಲಿ ಉರಿಸಿದರೆ ಉಗಿಯೂ ಸಿಗುತ್ತದೆ, ರಾಸಾಯನಿಕವೂ ಕರಗಿದ ರೂಪದಲ್ಲಿ ಕುಲುಮೆಯ ತಳಕ್ಕೆ ವಾಪಸು ಬರುತ್ತದೆ. ತಿರುಳಿನ ಉದ್ಯಮದಲ್ಲಿ ಎಲ್ಲಕ್ಕಿಂತ ಹೆಚ್ಚು ಹೆದರಬೇಕಾದ ಜಾಗ ಇದು. ಗೋಡೆಯ ಟ್ಯೂಬುಗಳಲ್ಲಿ ನೀರು, ತಳದಲ್ಲಿ ಕೆಂಡದಂಥ ದ್ರವ. ಸವೆದ ಟ್ಯೂಬೊಂದು ಸೋರಿ ಎರಡೂ ಸೇರಿದರೆ ಸ್ಫೋಟ. ಆದ್ದರಿಂದ ಇಂಥ ಬಾಯ್ಲರ್ ಇರುವ ಪಲ್ಪ್ ಮಿಲ್ಲುಗಳಲ್ಲಿ ಶಟ್‌ಡೌನ್, ಅಂದರೆ ದುರಸ್ತಿಗೆಂದು ಕಾರ್ಖಾನೆ ನಿಲ್ಲಿಸುವುದು, ಎಂದರೆ ಮುಖ್ಯವಾಗಿ ರಿಕವರಿ ಬಾಯ್ಲರಿನ ಟ್ಯೂಬುಗಳ ದಪ್ಪ ಅಳೆಯುವುದು.

ಸ್ಟೋರ್ಸಿನವನಿಗೆ ತಲೆನೋವು ಶುರುವಾಗುವುದೂ ಅಲ್ಲೇ. ಶಟ್‌ಡೌನಿಗೆ ಬೇಕಾಗುವ ಸಾಮಾನಿನಲ್ಲಿ ಎರಡು ಜಾತಿ. ಒಂದು, ಖರ್ಚಾಗುವುದು ಖಂಡಿತ ಎನ್ನುವಂಥದು. ಮ್ಯಾನ್‌ಹೋಲ್ ಬಿಚ್ಚಿದಿರೋ, ಹಳೆ ಗ್ಯಾಸ್ಕೆಟ್ ಹೋಯಿತು, ಹೊಸದು ಬೇಕೇ ಬೇಕು. ಬಿಚ್ಚುವ ಬಾಯಿಗಳನ್ನು ಎಣಿಸಿದರೆ ಗ್ಯಾಸ್ಕೆಟ್ ಲೆಕ್ಕ ಸಿಕ್ಕಿತು. ಇನ್ನೊಂದು, ಒಳಗೆ ಇಳಿದು ನೋಡುವತನಕ ಯಾರಿಗೂ ಗೊತ್ತಾಗದಂಥದು. ಎಷ್ಟು ಟ್ಯೂಬು ತೆಳುವಾಗಿದೆ? ಪಂಪಿನ ಇಂಪೆಲ್ಲರ್ ಇನ್ನೊಂದು ವರ್ಷ ತಾಳೀತೇ? ವಿಶೇಷ ಉಕ್ಕಿನ ಟ್ಯೂಬು ಆರ್ಡರ್ ಕೊಟ್ಟು ಕೈಗೆ ಬರಲು ತಿಂಗಳುಗಳೇ ಬೇಕು, ಶಟ್‌ಡೌನ್ ಇರುವುದು ಕೆಲವು ದಿನ. ನೋಡಿದ ಮೇಲೆ ತರಿಸುವಂತಿಲ್ಲ, ನೋಡುವ ಮೊದಲು ಎಷ್ಟೆಂದು ಗೊತ್ತಿಲ್ಲ. ಈ ಕಸುಬಿನ ಬುದ್ಧಿವಂತಿಕೆಯೆಲ್ಲ ಖರ್ಚಾಗುವುದು ಈ ಎರಡನೆಯ ಜಾತಿಯ ಮೇಲೆ. ಹೋದ ವರ್ಷದ ದಪ್ಪದ ಅಳತೆ, ಅದರ ಹಿಂದಿನ ವರ್ಷದ್ದು, ಎರಡರ ನಡುವಣ ವ್ಯತ್ಯಾಸ ನೋಡಿ ಮುಂದಿನ ಸವೆತ ಊಹಿಸುತ್ತಾರೆ. ಆ ಹಳೆಯ ಕಾಗದ ಕಳೆದುಕೊಂಡವನು ಕುರುಡಾಗಿ ಆರ್ಡರ್ ಹಾಕಬೇಕು.

ಹಣ ಇದ್ದರೆ ಎಲ್ಲವನ್ನೂ ತರಿಸಿಟ್ಟುಕೊಳ್ಳಬಹುದಲ್ಲ ಎನ್ನಬಹುದು. ಅಕೌಂಟ್ಸ್ ವಿಭಾಗ ಬಿಡುವುದಿಲ್ಲ, ಬಿಡಬೇಕಾಗಿಯೂ ಇಲ್ಲ. ಅಲುಗಾಡದೆ ಬಿದ್ದ ಸಾಮಾನನ್ನು ಡೆಡ್ ಸ್ಟಾಕ್ ಎನ್ನುತ್ತಾರೆ. ಆಡಿಟ್ ಬಂದಾಗ ಅದಕ್ಕೂ ಬೈಗುಳ, ಬೇಕಾದಾಗ ಇಲ್ಲದಿದ್ದರೆ ಅದಕ್ಕೂ ಬೈಗುಳ. ಆದ್ದರಿಂದ ಸಾಮಾನನ್ನು ಬೆಲೆಯಿಂದ ಅಳೆಯುವುದರ ಜತೆಗೆ, ಅದಿಲ್ಲದಿದ್ದರೆ ಏನು ನಿಲ್ಲುತ್ತದೆ ಎನ್ನುವುದರಿಂದಲೂ ಅಳೆಯುತ್ತಾರೆ. ಜೀವಾಳದ್ದು, ಅಗತ್ಯದ್ದು, ಇದ್ದರೊಳ್ಳೆಯದು ಎಂಬ ಮೂರು ದರ್ಜೆ. ನೂರಿನ್ನೂರು ರೂಪಾಯಿಯ ಸೀಲೊಂದು ಜೀವಾಳದ ಪಟ್ಟಿಯಲ್ಲಿರಬಹುದು, ಲಕ್ಷದ ಮೋಟಾರು ಮೂರನೆಯ ಪಟ್ಟಿಯಲ್ಲಿರಬಹುದು. ಈ ಮೂರೂ ದರ್ಜೆಯನ್ನು ಮೀರಿದ್ದು ಇನ್ಶೂರೆನ್ಸ್ ಸ್ಪೇರ್: ಸಕ್ಕರೆ ಮಿಲ್ಲಿನ ಗೇರ್‌ಬಾಕ್ಸಿನ ಪಿನಿಯನ್‌ನಂಥದು, ಇಪ್ಪತ್ತು ವರ್ಷ ಬೇಕಾಗದೆ ಇರಬಹುದಾದದ್ದು, ಆದರೆ ಕಬ್ಬು ಅರೆಯುವ ಹಂಗಾಮಿನ ನಡುವೆ ಮುರಿದರೆ ಬೇರೆ ಗತಿಯಿಲ್ಲದ್ದು. ಕಡಿದ ಕಬ್ಬು ಗಾಡಿಯಲ್ಲೇ ಒಣಗಿ ತೂಕ ಕಳೆದುಕೊಳ್ಳುವಾಗ ಆ ನಷ್ಟ ಬೀಳುವುದು ರೈತನ ತಲೆಗೆ ಎಂಬುದು ಡೆಡ್ ಸ್ಟಾಕ್ ಲೆಕ್ಕದಲ್ಲಿ ಕಾಣುವುದಿಲ್ಲ.

ತರಿಸಿದ್ದನ್ನು ಕೆಡದಂತೆ ಇಡುವುದು ಇನ್ನೊಂದು ಕಲೆ, ಹೊರಗಿನವರಿಗೆ ಗೊತ್ತಿಲ್ಲದ್ದು. ಬೇರಿಂಗನ್ನು ಅದರ ಮೂಲ ಪೊಟ್ಟಣದಲ್ಲೇ ಮಲಗಿಸಿಡಬೇಕು, ನೋಡೋಣವೆಂದು ಬಿಚ್ಚಿದರೆ ಬೆವರುಗೈ ತಾಗಿದಲ್ಲಿ ತುಕ್ಕು. ಓ–ರಿಂಗು, ವಿ–ಬೆಲ್ಟುಗಳಿಗೆ ಬಿಸಿಲು ಆಗದು, ಮೊಳೆಗೆ ತೂಗುಹಾಕಿದರೆ ಆಕಾರ ಕೆಡುತ್ತದೆ. ಉದ್ದನೆಯ ಶಾಫ್ಟನ್ನು ಎರಡೇ ತುದಿಗೆ ಆನಿಸಿ ವರ್ಷಾನುಗಟ್ಟಲೆ ಮಲಗಿಸಿದರೆ ನಡು ಬಾಗುತ್ತದೆ, ಆದ್ದರಿಂದ ನೇರ ತೂಗುಹಾಕುತ್ತಾರೆ ಅಥವಾ ಆಗಾಗ ಹೊರಳಿಸುತ್ತಾರೆ. ಸ್ಟೋರ್ಸಿನಲ್ಲಿ ಸುಮ್ಮನೆ ಕೂತ ಮೋಟಾರಿನ ಶಾಫ್ಟನ್ನೂ ತಿಂಗಳಿಗೊಮ್ಮೆ ಕೈಯಲ್ಲಿ ತಿರುಗಿಸಬೇಕು. ಒತ್ತಡದ ಪಾತ್ರೆಗೆ ಬಳಸುವ ಲೋ ಹೈಡ್ರೋಜನ್ ವೆಲ್ಡಿಂಗ್ ರಾಡಿಗೆ ತೇವ ತಾಗಿದರೆ ಬೆಸುಗೆ ಒಳಗಿಂದಲೇ ಬಿರುಕು ಬಿಡಬಹುದು. ಅದನ್ನು ಓವನ್ನಿನಲ್ಲಿ ಕಾಯಿಸಿ, ಬಿಸಿಯಾಗಿಯೇ ಇಟ್ಟು, ವೆಲ್ಡರಿಗೆ ಎಣಿಸಿ ಕೊಡುತ್ತಾರೆ.

ಒಳ್ಳೆಯ ಸ್ಟೋರ್ಸಿನಲ್ಲಿ ಶಟ್‌ಡೌನಿಗೆ ಮುಂಚೆಯೇ ಕೆಲಸವಾರು ಗಂಟು ಕಟ್ಟಿರುತ್ತಾರೆ. ಒಂದು ವಾಲ್ವಿಗೆ ಒಂದು ಚೀಲ: ಗ್ಯಾಸ್ಕೆಟ್, ನಟ್ಟು ಬೋಲ್ಟು, ಪ್ಯಾಕಿಂಗ್, ಮೇಲೊಂದು ಚೀಟಿ. ಕಿಟಕಿಯ ಮುಂದೆ ಸರತಿ ನಿಂತು ಫಿಟ್ಟರುಗಳ ಅರ್ಧ ಪಾಳಿ ಹಾಳಾಗುವುದು ಇದರಿಂದ ತಪ್ಪುತ್ತದೆ. ಕೆಲಸ ಮುಗಿದಾಗ ಉಳಿದದ್ದು ವಾಪಸು ಬರಬೇಕು. ಬರುವುದಿಲ್ಲ! ‘ನಾಳೆ ಬೇಕಾದ್ರೆ ಸ್ಟೋರ್ಸಿನೋರು ಇಲ್ಲ ಅಂತಾರೆ’ ಎಂದು ಫಿಟ್ಟರು ಎರಡು ಬೇರಿಂಗು ತನ್ನ ಲಾಕರಿಗೆ ಸೇರಿಸುತ್ತಾನೆ. ಖಾನೆಯ ಲೆಕ್ಕದ ಚೀಟಿಯಾದ ಬಿನ್ ಕಾರ್ಡ್ ಪ್ರಕಾರ ಅವು ಖರ್ಚಾದವು, ಹೊಸದಕ್ಕೆ ಇಂಡೆಂಟ್ ಹೋಗುತ್ತದೆ. ಇದಕ್ಕೆ ಬೀಗ, ತನಿಖೆ, ಕಂಪ್ಯೂಟರು ಮದ್ದಲ್ಲ ಎಂದೇ ನನ್ನ ಅನಿಸಿಕೆ. ಎರಡು ಸಲ ಕೇಳಿ ಎರಡು ಸಲವೂ ಸಿಕ್ಕರೆ ಲಾಕರ್ ತಾನಾಗಿ ಖಾಲಿಯಾಗುತ್ತದೆ.

ಬಿಡಿಭಾಗಗಳನ್ನು ಮುಂಚೆಯೇ ಹೊಂದಿಸಿಡುವ ಇದೇ ಶಿಸ್ತು ಸಮುದ್ರದಲ್ಲಿ ಹೋಗುವ ಹಡಗಿಗೆ ಇನ್ನೂ ಕಠಿಣ, ಏಕೆಂದರೆ ನಡುನೀರಿನಲ್ಲಿ ಅಂಗಡಿಯಿಲ್ಲ. 1998ರಿಂದ ಹಂತಹಂತವಾಗಿ ಕಡ್ಡಾಯವಾದ ಅಂತರರಾಷ್ಟ್ರೀಯ ಸುರಕ್ಷತಾ ನಿಯಮ, ದಿಢೀರನೆ ಕೆಟ್ಟರೆ ಅಪಾಯ ತರುವ ಯಂತ್ರಗಳು ಯಾವುವೆಂದು ಹಡಗಿನ ಕಂಪನಿ ಮೊದಲೇ ಗುರುತಿಸಿರಬೇಕು ಎನ್ನುತ್ತದೆ. ಯಂತ್ರ ಓಡಿದ ಗಂಟೆ ಲೆಕ್ಕ ಹಾಕಿ ಬಿಡಿಭಾಗ ಬದಲಿಸುತ್ತಾರೆ, ಮುಂದಿನ ಬಂದರಿಗೆ ಸಾಮಾನು ಬಂದು ಕಾದಿರುವಂತೆ ಮುಂಚೆಯೇ ಬರೆದು ಕಳಿಸುತ್ತಾರೆ. ಅಷ್ಟಾದರೂ ಎಂಜಿನ್ ಕೋಣೆಯ ಮೂಲೆಯಲ್ಲೊಂದು ಲೇಥ್ ಇರುತ್ತದೆ. ಎಲ್ಲ ಯೋಜನೆಯೂ ಕೈಕೊಟ್ಟಾಗ ಬುಶ್ಶೊಂದನ್ನು ಕಡೆದುಕೊಳ್ಳಲು.

ಲೇಥ್ ಎಂದ ಮೇಲೆ ಹರಿಹರಕ್ಕೇ ವಾಪಸು ಬರಬೇಕು. 1941ರಲ್ಲಿ ಇಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ತಯಾರಿಸಿದ ಲೇಥುಗಳು ದೇಶದ ಮೂಲೆಮೂಲೆಯ ವರ್ಕ್‌ಶಾಪು, ಐಟಿಐಗಳಿಗೆ ಹೋದವು. ಊರಿನ ಒಂದು ಭಾಗಕ್ಕೆ ಯಂತ್ರಾಪುರ ಎಂಬ ಹೆಸರೇ ಉಳಿಯಿತು. 2000ದ ದಶಕದ ಆರಂಭದ ಹೊತ್ತಿಗೆ ಕಾರ್ಖಾನೆ ಮುಚ್ಚಿತು. ಲೇಥುಗಳು ಮುಚ್ಚಲಿಲ್ಲ, ಈಗಲೂ ಓಡುತ್ತಿವೆ. ತಯಾರಿಸಿದ ಕಂಪನಿಯೇ ಇಲ್ಲದ ಯಂತ್ರಕ್ಕೆ ಬಿಡಿಭಾಗ ಎಲ್ಲಿಂದ? ಕ್ಯಾಟಲಾಗ್ ನಂಬರಿಗೆ ಅರ್ಥವಿಲ್ಲ, ಎರಕದ ಪ್ಯಾಟರ್ನ್ ಸಿಗದು. ಇಂಥಲ್ಲಿ ಸ್ಟೋರ್ಸಿನ ಕೆಲಸ ಟರ್ನರನ ಕೈಗೆ ದಾಟುತ್ತದೆ: ಸ್ಯಾಂಪಲ್ ನೋಡಿ ಮಾಡಿಕೊಡುವುದು.

ಸ್ಯಾಂಪಲ್ ನೋಡಿ ಮಾಡುವುದರಲ್ಲೊಂದು ಮೋಸವಿದೆ. ಗಿರಾಕಿ ತರುವುದು ಸವೆದ ಬುಶ್ಶನ್ನು. ಅದನ್ನೇ ಅಳೆದು ಅದರಂತೆಯೇ ಕಡೆದರೆ ಸವೆತವೂ ಸೇರಿಯೇ ನಕಲಾಗುತ್ತದೆ, ಹೊಸ ಬುಶ್ಶು ಮೊದಲ ದಿನವೇ ಹಳೆಯದು. ಪಳಗಿದ ಟರ್ನರು ಬುಶ್ಶಿನ ಸವೆಯದ ಅಂಚಿಗೆ ವರ್ನಿಯರ್ ಹಿಡಿದು ನೋಡಿ, ಶಾಫ್ಟಿನ ಅಳತೆ ಕೇಳುತ್ತಾನೆ, ಬಾಯಿಮಾತಿನ ಅಳತೆಯನ್ನು ನಂಬುವುದಿಲ್ಲ. ‘ಶಾಫ್ಟೂ ತಗಂಡು ಬರ್ರಿ’ ಎಂದು ವಾಪಸು ಕಳಿಸುತ್ತಾನೆ. ಗನ್‌ಮೆಟಲ್ಲಿನ ತುಂಡನ್ನು ಚಕ್ಕಿಗೆ ಕಟ್ಟುವುದು ಆಮೇಲೆ.