ಬಿಟ್‌ಕಾಯಿನ್ ಜಾಲದಲ್ಲಿ ಸರದಿಯ ಕ್ರಮ

ಟ್ರಂಕ್ ಕಾಲ್‌ಗಳ ಕಾಲವನ್ನು ಕಂಡ ಹಿರಿಯರಿಗೆ ಆರ್ಡಿನರಿ, ಅರ್ಜೆಂಟ್, ಲೈಟ್ನಿಂಗ್ ಎಂಬ ಮೂರು ದರ್ಜೆಗಳು ನೆನಪಿರಬಹುದು. ತಂತಿಗೂ ಸಾಮಾನ್ಯ, ಎಕ್ಸ್‌ಪ್ರೆಸ್ ಎಂಬ ಭೇದವಿತ್ತು. ಹಾದಿ ಇಕ್ಕಟ್ಟಾದಾಗ ಯಾರ ಮಾತು ಮೊದಲು ಹೋಗಬೇಕೆಂಬುದನ್ನು ಇಲಾಖೆಯ ದರಪಟ್ಟಿಯೇ ತೀರ್ಮಾನಿಸುತ್ತಿತ್ತು. ತಂತಿ ಸೇವೆ 2013ರ ಜುಲೈ ತಿಂಗಳಲ್ಲಿ ನಿಂತಿತು. ಬಿಟ್‌ಕಾಯಿನ್ ಕೊಳ್ಳುವ ಮಾರುವ ಏರ್ಪಾಡು ಮಾಡಿದ ಬೆಂಗಳೂರಿನ ಯುನೋಕಾಯಿನ್ ಸಂಸ್ಥೆ ಆರಂಭವಾದುದೂ ಅದೇ ವರ್ಷ. ಇಲಾಖೆಯೇ ಇಲ್ಲದ ಈ ಹೊಸ ಜಾಲದಲ್ಲಿ ಸರದಿ ಹೇಗೆ ನಡೆಯುತ್ತದೆಂಬುದು ಪ್ರಕೃತ ಲೇಖನದ ವಿಷಯ.

ಬಿಟ್‌ಕಾಯಿನಿನಲ್ಲಿ ಪ್ರತಿಯೊಂದು ಪಾವತಿಯೂ ಗಣಕದಿಂದ ಗಣಕಕ್ಕೆ ಹರಡಿ, ಅಲ್ಲಲ್ಲಿಯ ನಿರೀಕ್ಷಣಾ ಕೊಠಡಿಯಲ್ಲಿ ಕಾದಿರುತ್ತದೆ. ಸುಮಾರು 10 ನಿಮಿಷಕ್ಕೊಮ್ಮೆ ಗಣಿಗಾರನೊಬ್ಬನು ಅವುಗಳಲ್ಲಿ ಕೆಲವನ್ನಾರಿಸಿ ಸಾರ್ವಜನಿಕ ಲೆಕ್ಕದ ಪುಸ್ತಕಕ್ಕೆ ಹೊಸ ಪುಟವೊಂದನ್ನು, ಎಂದರೆ ಬ್ಲಾಕನ್ನು, ಸೇರಿಸುತ್ತಾನೆ. ಪುಟದಲ್ಲಿ ಸ್ಥಳ ಮಿತವಾದುದು. 2010ರಲ್ಲಿ ಅದಕ್ಕೆ 1 ಮೆಗಾಬೈಟಿನ ಮಿತಿಯನ್ನು ಹಾಕಲಾಯಿತು.

ಮೊದಮೊದಲು ಅನುಸರಿಸಿದ ನಿಯಮವು ಇತಿಹಾಸದ ವಿದ್ಯಾರ್ಥಿಗೆ ಬಹು ಕುತೂಹಲಕರವಾಗಿದೆ. ನಾಣ್ಯದ ಮೌಲ್ಯವನ್ನು ಅದರ ವಯಸ್ಸಿನಿಂದ ಗುಣಿಸಿ, ಪಾವತಿಯ ಬರಹವು ಹಿಡಿಯುವ ಸ್ಥಳದಿಂದ ಭಾಗಿಸಿ, ಬಂದ ಅಂಕಿ ದೊಡ್ಡದಿದ್ದವನಿಗೆ ಆದ್ಯತೆ. ಒಂದು ಬಿಟ್‌ಕಾಯಿನನ್ನು ಒಂದು ದಿನ, ಎಂದರೆ 144 ಬ್ಲಾಕುಗಳ ಕಾಲ, ಅಲುಗಿಸದೆ ಇಟ್ಟುಕೊಂಡವನು 250 ಬೈಟಿನ ಪಾವತಿಯನ್ನು ಶುಲ್ಕವಿಲ್ಲದೆ ಕಳುಹಿಸಬಹುದಾಗಿತ್ತು. ಅದಕ್ಕಾಗಿಯೇ ಬ್ಲಾಕಿನಲ್ಲಿ ಒಂದಿಷ್ಟು ಸ್ಥಳ ಮೀಸಲು. ಒಂದೇ ಹಣವನ್ನು ಎಡಗೈಯಿಂದ ಬಲಗೈಗೆ ಸಾಗಿಸುತ್ತ ಜಾಲವನ್ನು ತುಂಬಿಸಹೊರಟವನ ನಾಣ್ಯದ ವಯಸ್ಸು ಪ್ರತಿ ಸಾಗಣೆಯಲ್ಲೂ ಸೊನ್ನೆಗಿಳಿಯುತ್ತಿತ್ತು. ಆದ್ದರಿಂದ ಅವನು ತಾನಾಗಿಯೇ ಹಿಂದೆ ಬೀಳುತ್ತಿದ್ದನು. ಹೀಗೆ ಕಾದವನಿಗೆ ಬೆಲೆ ಕೊಡುವ ವ್ಯವಸ್ಥೆಯೊಂದು ಅಲ್ಪಕಾಲವಾದರೂ ಇದ್ದಿತು. ಆದರೆ ಬೇಡಿಕೆ ಏರಿದಂತೆ ಗಣಿಗಾರರಿಗೆ ಪುಕ್ಕಟೆ ಸ್ಥಳವೆಂದರೆ ನಷ್ಟವೆನಿಸಿತು. ಪ್ರಧಾನ ತಂತ್ರಾಂಶದಲ್ಲಿ 2016ರಲ್ಲಿ ಮೀಸಲು ಸೊನ್ನೆಗಿಳಿಯಿತು. 2017ರಲ್ಲಿ ನಿಯಮವೇ ಹೋಯಿತು.

ಉಳಿದುದು ಶುಲ್ಕವೊಂದೇ. ಇದು ಹಣದ ಮೊತ್ತದ ಮೇಲಲ್ಲ, ಬರಹದ ಗಾತ್ರದ ಮೇಲೆ ಬೀಳುತ್ತದೆ. ಕೋಟಿ ಕಳುಹಿಸುವವನಿಗೂ ನೂರು ಕಳುಹಿಸುವವನಿಗೂ ದರ ಒಂದೇ. ಚಿಲ್ಲರೆಯಾಗಿ ಕೂಡಿಸಿದವನ ಬರಹವೇ ಉದ್ದವಾಗುವುದರಿಂದ ಅವನಿಗೇ ಹೊರೆ ಹೆಚ್ಚು.

ಸ್ಪ್ಯಾಮ್ ಅಥವಾ ಕಸದ ಪಾವತಿ ಯಾವುದು? ಕಳುಹಿಸಿದವನ ಉದ್ದೇಶವನ್ನು ಯಂತ್ರವು ಅರಿಯಲಾರದು. ಅದು ಮಾಡಬಲ್ಲುದು ಕಸವನ್ನು ದುಬಾರಿಯಾಗಿಸುವುದಷ್ಟೆ. ಅನಗತ್ಯ ಮಿಂಚಂಚೆಯನ್ನು ತಡೆಯಲು ಪ್ರತಿ ಪತ್ರಕ್ಕೂ ಸ್ವಲ್ಪ ಗಣನೆಯ ಶ್ರಮವನ್ನು ವಿಧಿಸಬೇಕೆಂದು ಡ್ವರ್ಕ್ ಮತ್ತು ನಾವೋರ್ 1992ರಲ್ಲಿಯೇ ಸೂಚಿಸಿದ್ದರು. 1997ರ ಆಡಂ ಬ್ಯಾಕ್ ಅವರ ಹ್ಯಾಶ್‌ಕ್ಯಾಷ್ ಇದೇ ಜಾತಿಯದು. ಬಿಟ್‌ಕಾಯಿನಿನ ಗಣಕಗಳು ಕನಿಷ್ಠ ಶುಲ್ಕವಿಲ್ಲದ ಪಾವತಿಯನ್ನು ಮುಂದಕ್ಕೆ ದಾಟಿಸುವುದಿಲ್ಲ. ಧೂಳಿನಂಥ ತೀರ ಸಣ್ಣ ಮೊತ್ತಗಳನ್ನೂ ಒಲ್ಲವು. ಕೊಠಡಿ ತುಂಬಿದರೆ ಕಡಿಮೆ ದರದವನ್ನು ಹೊರಹಾಕುತ್ತವೆ. 2015ರ ಜುಲೈ ತಿಂಗಳಲ್ಲಿ ಯಾರೋ ಸಣ್ಣ ಪಾವತಿಗಳ ಮಹಾಪೂರವನ್ನೇ ಹರಿಸಿದಾಗ ದರ ಏರಿಸಿದವರು ದಾಟಿದರು. ಹಳೆಯ ದರದವರು ಕಾದರು.

2017ರ ಡಿಸೆಂಬರಿನಲ್ಲಿ ಕಸವಿಲ್ಲದೆಯೇ ಇಕ್ಕಟ್ಟು ಬಂದಿತು. ಸರಾಸರಿ ಶುಲ್ಕ ಒಂದು ಹಂತದಲ್ಲಿ 50 ಡಾಲರು, ಎಂದರೆ 3,000 ರೂಪಾಯಿ ಮೀರಿತು. ಜೆ.ಪಿ. ನಗರದ ವಿದ್ಯಾರ್ಥಿಯೊಬ್ಬನು 2,000 ರೂಪಾಯಿ ಬೆಲೆಯ ನಾಣ್ಯವನ್ನು ತನ್ನ ಸ್ವಂತ ಕೀಲಿಯಲ್ಲಿಟ್ಟಿದ್ದನೆಂದು ಭಾವಿಸೋಣ. ಅದನ್ನು ಅಲುಗಿಸುವ ಖರ್ಚು ಅದರ ಬೆಲೆಗಿಂತ ಹೆಚ್ಚು; ಹಣವಿದ್ದೂ ಇಲ್ಲದಂತೆ. ವಿನಿಮಯ ಸಂಸ್ಥೆಯ ಖಾತೆಯಲ್ಲಿಯೇ ಬಿಟ್ಟಿದ್ದವನಿಗೆ ಈ ತೊಡಕಿಲ್ಲ, ಏಕೆಂದರೆ ಅಲ್ಲಿಯ ಕ್ರಯವಿಕ್ರಯ ಸಂಸ್ಥೆಯ ಸ್ವಂತ ಲೆಕ್ಕದಲ್ಲಿ ಮುಗಿಯುತ್ತದೆ. ಮಧ್ಯವರ್ತಿ ಬೇಡವೆಂದು ಹುಟ್ಟಿದ ಹಣಕ್ಕೆ ಇದು ಸಣ್ಣ ಪೇಚಲ್ಲ.

ಶುಲ್ಕವನ್ನು ತೀರ ಅಗ್ಗವಾಗಿಸಿದವರ ಅನುಭವವೂ ಉಂಟು. ಸೊಲಾನಾ ಜಾಲವು 2021ರ ಸೆಪ್ಟೆಂಬರ್ 14ರಂದು ಯಾಂತ್ರಿಕ ಪಾವತಿಗಳ ಪ್ರವಾಹಕ್ಕೆ ಸಿಕ್ಕಿ ಸುಮಾರು 17 ಗಂಟೆ ನಿಂತುಹೋಯಿತು. ಮುಂದೆ ಅಲ್ಲಿಯೂ ಆದ್ಯತಾ ಶುಲ್ಕ ಬಂದಿತು. ಭಾರತೀಯರು ಆರಂಭಿಸಿದ ಪಾಲಿಗಾನ್ ಅದೇ ವರ್ಷ ಅಕ್ಟೋಬರಿನಲ್ಲಿ, ಕಸದ ಪಾವತಿಗಳನ್ನು ತಗ್ಗಿಸಲೆಂದೇ, ಕನಿಷ್ಠ ದರವನ್ನು 1 ಗ್ವೇಯಿಂದ 30ಕ್ಕೆ ಏರಿಸಿತು.

ಬಿಟ್‌ಕಾಯಿನಿನ ಸಣ್ಣ ಪಾವತಿಗಳಿಗೆಂದು ಈಗ ಇರುವ ಉಪಜಾಲದ ಹೆಸರು, ಆಕಸ್ಮಿಕವಾಗಿ, ಲೈಟ್ನಿಂಗ್. ಅದರಲ್ಲಿ ಇಬ್ಬರು ತಮ್ಮೊಳಗಿನ ಕೊಡುಕೊಳೆಯನ್ನು ಪುಟದ ಹೊರಗೇ ನಡೆಸಿ, ಆರಂಭ ಮತ್ತು ಮುಕ್ತಾಯಗಳನ್ನು ಮಾತ್ರ ಬ್ಲಾಕಿನಲ್ಲಿ ಬರೆಸುತ್ತಾರೆ. ಆ ಎರಡು ಸಲವಾದರೂ ಅವರು ಹಳೆಯ ಸರದಿಯಲ್ಲಿ, ಅಂದಿನ ದರ ತೆತ್ತು, ನಿಲ್ಲಲೇಬೇಕು.