ಆಕ್ಟೇನ್ ಹೆಚ್ಚಿದರೆ ಕಾರಿನ ಕಸುವು ಹೆಚ್ಚುವುದೇ?

ಬಂಕಿಗೆ ಹೋಗಿ "ಪೆಟ್ರೋಲ್ ಹಾಕಿ" ಎಂದರೆ ಸಾಕಾಗುತ್ತಿದ್ದ ಕಾಲ ಹೋಯಿತು. ನಗರಗಳ ಕೆಲವು ಬಂಕುಗಳಲ್ಲಿ ಮಾಮೂಲಿ ಪಂಪಿನ ಪಕ್ಕದಲ್ಲೇ 95, 99, 100 ಎಂಬ ಅಂಕಿಗಳ ಪಂಪುಗಳೂ ನಿಂತಿರುತ್ತವೆ. 2020ರ ಡಿಸೆಂಬರಿನಲ್ಲಿ ಇಂಡಿಯನ್ ಆಯಿಲ್ ಸಂಸ್ಥೆಯು 100 ಆಕ್ಟೇನಿನ ಪೆಟ್ರೋಲನ್ನು ಬಿಡುಗಡೆ ಮಾಡಿದಾಗ ದೆಹಲಿಯಲ್ಲಿ ಅದರ ಬೆಲೆ ಲೀಟರಿಗೆ 160 ರೂಪಾಯಿ. ಅಂದಿನ ಮಾಮೂಲಿ ಪೆಟ್ರೋಲಿನ ಹೆಚ್ಚುಕಡಿಮೆ ಎರಡರಷ್ಟು. ಕಾರಿಗೆ ದೊಡ್ಡ ಏರ್ ಫಿಲ್ಟರನ್ನೂ ಗುಡುಗುವ ಸೈಲೆನ್ಸರನ್ನೂ ಹಾಕಿಸಿದ ಯುವಕರಿಗೆ ಈ ಅಂಕಿಗಳು ಸಹಜವಾಗಿಯೇ ಆಸೆ ಹುಟ್ಟಿಸುತ್ತವೆ. ಇನ್ನೂ ಕೆಲವರು ರೇಸಿನ ಕಾರುಗಳಿಗೆಂದೇ ಡ್ರಮ್ಮುಗಳಲ್ಲಿ ಬರುವ ಇಂಧನ ಸಿಕ್ಕೀತೇ ಎಂದು ವಿಚಾರಿಸುತ್ತಾರೆ. ಇಷ್ಟು ಹಣ ತೆತ್ತರೆ ಕಾರಿಗೆ ನಿಜವಾಗಿ ಏನು ದೊರೆಯುತ್ತದೆ?

ಇದನ್ನು ತಿಳಿಯಬೇಕಾದರೆ ಮೊದಲು ಸಿಲಿಂಡರಿನೊಳಗೆ ಇಣುಕಬೇಕು. ಪೆಟ್ರೋಲಿನ ಆವಿ ಮತ್ತು ಗಾಳಿಯ ಮಿಶ್ರಣವನ್ನು ಪಿಸ್ಟನ್ ಮೇಲೆ ಬರುತ್ತಾ ಒತ್ತುತ್ತದೆ. ಎಂಜಿನ್ ನಿಮಿಷಕ್ಕೆ 3,000 ಸುತ್ತು ತಿರುಗುತ್ತಿದ್ದರೆ ಈ ಒತ್ತುವ ಕೆಲಸಕ್ಕೆ ಸಿಗುವುದು ಒಂದು ಸೆಕೆಂಡಿನ ನೂರನೇ ಒಂದು ಭಾಗ ಮಾತ್ರ. ಪಿಸ್ಟನ್ ತುದಿಯನ್ನು ಮುಟ್ಟುವುದಕ್ಕೆ ತುಸು ಮೊದಲೇ ಸ್ಪಾರ್ಕ್ ಪ್ಲಗ್ ಕಿಡಿ ಹಾರಿಸುತ್ತದೆ. ಕಿಡಿಯ ಬಳಿಯಿಂದ ಹೊರಟ ಉರಿ, ಒಣಹುಲ್ಲಿಗೆ ಒಂದು ಮೂಲೆಯಲ್ಲಿ ಕೊಟ್ಟ ಬೆಂಕಿಯಂತೆ, ಕ್ರಮವಾಗಿ ಆಚೆ ಬದಿಗೆ ಹರಡಬೇಕು. ಹೀಗೆ ಹರಡಿದರೆ ಪಿಸ್ಟನ್ನಿನ ಮೇಲೆ ಒತ್ತಡವು ಹದವಾಗಿ ಏರಿ ಅದನ್ನು ಕೆಳಗೆ ತಳ್ಳುತ್ತದೆ.

ಆದರೆ ಉರಿ ಇನ್ನೂ ತಲುಪದ ಆಚೆ ಮೂಲೆಯ ಮಿಶ್ರಣವೂ ಈ ಹೊತ್ತಿಗೆ ವಿಪರೀತ ಒತ್ತಡ ಮತ್ತು ಶಾಖಕ್ಕೆ ಸಿಕ್ಕಿರುತ್ತದೆ. ಅದು ತಾಳಲಾರದೆ ತಾನಾಗಿಯೇ ಒಮ್ಮೆಲೇ ಹೊತ್ತಿಕೊಂಡರೆ ಒತ್ತಡದ ಅಲೆಗಳು ಸಿಲಿಂಡರಿನ ಗೋಡೆಗಳಿಗೆ ಅಪ್ಪಳಿಸುತ್ತವೆ. ಹೊರಗೆ ಕೇಳುವುದು ಕಟಕಟ ಎಂಬ ಲೋಹದ ಸದ್ದು. ಗ್ಯಾರೇಜಿನವರು "ನಾಕಿಂಗ್" ಎನ್ನುವುದು ಇದನ್ನೇ. ಘಾಟಿ ಏರುವಾಗ ಗೇರ್ ಇಳಿಸದೆ ನಾಲ್ಕನೆಯದರಲ್ಲೇ ಆಕ್ಸಿಲರೇಟರ್ ತುಳಿದವರು ಈ ಸದ್ದನ್ನು ಕೇಳಿಯೇ ಇರುತ್ತಾರೆ. ಕೊಂಚ ಹೊತ್ತಿನ ನಾಕಿಂಗ್‌ನಿಂದ ಹಾನಿಯಿಲ್ಲ. ಬಲವಾದ ನಾಕಿಂಗ್ ಬಹಳ ಹೊತ್ತು ನಡೆದರೆ ಪಿಸ್ಟನ್ನಿನ ಅಂಚು ಕರಗುತ್ತದೆ, ರಿಂಗ್ ಮುರಿಯುತ್ತದೆ, ಹೆಡ್ ಗ್ಯಾಸ್ಕೆಟ್ ಹೋಗುತ್ತದೆ.

ಆಕ್ಟೇನ್ ಸಂಖ್ಯೆಯು ಅಳೆಯುವುದು ಇಂಧನದ ಈ ತಾಳ್ಮೆಯನ್ನು, ಇಷ್ಟನ್ನು ಮಾತ್ರ. 1920ರ ದಶಕದಲ್ಲಿ ಅಮೆರಿಕದಲ್ಲಿ ರೂಪುಗೊಂಡ ಅಳತೆಯಿದು. ಬಹುಬೇಗ ನಾಕ್ ಮಾಡುವ ಹೆಪ್ಟೇನ್ ಎಂಬ ದ್ರವಕ್ಕೆ ಸೊನ್ನೆ, ಚೆನ್ನಾಗಿ ತಾಳಿಕೊಳ್ಳುವ ಐಸೋ-ಆಕ್ಟೇನಿಗೆ ನೂರು ಎಂದು ಇಟ್ಟುಕೊಂಡರು. ಶೇಕಡ 91 ಐಸೋ-ಆಕ್ಟೇನ್ ಇರುವ ಮಿಶ್ರಣದಷ್ಟೇ ತಾಳಿಕೊಳ್ಳುವ ಪೆಟ್ರೋಲ್ 91 ಆಕ್ಟೇನಿನದು. ಇದನ್ನು ಪರೀಕ್ಷಿಸಲು ಒಂದೇ ಸಿಲಿಂಡರಿನ ವಿಶೇಷ ಎಂಜಿನ್ ಉಂಟು. ಅದನ್ನು ನಿಮಿಷಕ್ಕೆ 600 ಸುತ್ತಿನಲ್ಲಿ ಓಡಿಸಿ ಪಡೆದ ಸಂಖ್ಯೆಗೆ ರಿಸರ್ಚ್ ಆಕ್ಟೇನ್ ಎಂದೂ, 900 ಸುತ್ತಿನಲ್ಲಿ, ಹೆಚ್ಚು ಶಾಖದಲ್ಲಿ ಓಡಿಸಿ ಪಡೆದದ್ದಕ್ಕೆ ಮೋಟಾರ್ ಆಕ್ಟೇನ್ ಎಂದೂ ಹೆಸರು. ನಮ್ಮ ಬಂಕಿನ ಅಂಕಿ ಮೊದಲನೆಯದು. ಅಮೆರಿಕದ ಪಂಪಿನ ಮೇಲೆ ಬರೆಯುವುದು ಎರಡರ ಸರಾಸರಿ. ಆದ್ದರಿಂದ ಕ್ಯಾಲಿಫೋರ್ನಿಯದಲ್ಲಿರುವ ನೆಂಟರು "ನಾವು ಹಾಕಿಸುವುದೂ 91" ಎಂದರೆ ಅದು ನಮ್ಮ ಲೆಕ್ಕದಲ್ಲಿ 95-96 ಆಗುತ್ತದೆ. ವಿದೇಶಿ ಪತ್ರಿಕೆಗಳನ್ನು ಓದಿ ಕಾರು ಮಾರ್ಪಡಿಸುವವರು ಇದನ್ನು ನೆನಪಿಟ್ಟುಕೊಳ್ಳುವುದು ಒಳ್ಳೆಯದು.

ಇನ್ನು ಶಕ್ತಿಯ ಮಾತು. ಎಥನಾಲ್ ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಆಕ್ಟೇನ್ ಸಂಖ್ಯೆ ನೂರನ್ನು ಮೀರುತ್ತದೆ. ಆದರೆ ಒಂದು ಲೀಟರ್ ಪೆಟ್ರೋಲ್ ಉರಿದಾಗ ದೊರೆಯುವ ಶಾಖ ಸುಮಾರು 32 ಮೆಗಾಜೂಲ್ ಆದರೆ, ಎಥನಾಲಿನಿಂದ ದೊರೆಯುವುದು ಸುಮಾರು 21 ಮಾತ್ರ. ಆಕ್ಟೇನ್ ಹೆಚ್ಚಾದ ಮಾತ್ರಕ್ಕೆ ಇಂಧನದಲ್ಲಿ ಶಕ್ತಿ ಹೆಚ್ಚಿರಬೇಕೆಂದಿಲ್ಲ ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

ಹಾಗಾದರೆ ರೇಸಿನವರು ಅದನ್ನೇಕೆ ಹುಡುಕುತ್ತಾರೆ? ತಾಳ್ಮೆಯುಳ್ಳ ಇಂಧನವಿದ್ದರೆ ಮಿಶ್ರಣವನ್ನು ಹೆಚ್ಚು ಒತ್ತಬಹುದು, ಕಿಡಿಯನ್ನು ಇನ್ನಷ್ಟು ಮೊದಲೇ ಹಾರಿಸಬಹುದು. ಕಸುವು ಬರುವುದು ಆ ಒತ್ತುವಿಕೆಯಿಂದ. ಇಂಧನ ಅದಕ್ಕೆ ಅವಕಾಶ ಮಾಡಿಕೊಡುತ್ತದೆ, ಅಷ್ಟೆ. ಹಳೆಯ ಅಂಬಾಸಿಡರ್ ಕಾರಿನ ಎಂಜಿನ್ ಮಿಶ್ರಣವನ್ನು ಏಳನೇ ಒಂದು ಭಾಗದ ಆಸುಪಾಸಿಗೆ ಒತ್ತುತ್ತಿತ್ತು. 1990ರ ದಶಕದ 87 ಆಕ್ಟೇನಿನ ಪೆಟ್ರೋಲ್ ಅದಕ್ಕೆ ಧಾರಾಳವಾಗಿತ್ತು. ಇಂದಿನ ಸಣ್ಣ ಪೆಟ್ರೋಲ್ ಕಾರುಗಳು ಹತ್ತರಿಂದ ಹನ್ನೆರಡನೇ ಒಂದು ಭಾಗಕ್ಕೆ ಒತ್ತುತ್ತವೆ. ರೇಸಿನ ಎಂಜಿನ್ ಅದನ್ನೂ ಮೀರುತ್ತದೆ. ಅದನ್ನು ಕೆಲವು ಸ್ಪರ್ಧೆಗಳಿಗೊಮ್ಮೆ ಬಿಚ್ಚಿ ಜೋಡಿಸುತ್ತಾರೆ ಎಂಬುದನ್ನೂ ಮರೆಯಬಾರದು.

ಈಗ ಬೀದಿಯ ಕಾರಿಗೆ ಬರೋಣ. ಇಂದಿನ ಬಹುಪಾಲು ಕಾರುಗಳ ಎಂಜಿನ್ ಬ್ಲಾಕಿಗೆ ನಾಕ್ ಸೆನ್ಸರ್ ಎಂಬ ಪುಟ್ಟ ಸಾಧನವನ್ನು ಬಿಗಿದಿರುತ್ತಾರೆ. ಅದು ವೈದ್ಯರ ಸ್ಟೆತಾಸ್ಕೋಪಿನಂತೆ ಕಂಪನವನ್ನು ಆಲಿಸುತ್ತಿರುತ್ತದೆ. ನಾಕಿಂಗ್ ಸುಳಿವು ಸಿಕ್ಕ ಕೂಡಲೇ ಎಂಜಿನ್ನಿನ ಕಂಪ್ಯೂಟರು ಕಿಡಿಯನ್ನು ಕೆಲವು ಡಿಗ್ರಿ ತಡಮಾಡುತ್ತದೆ. ಸದ್ದಡಗಿದ ಮೇಲೆ ಮೆಲ್ಲಗೆ ಹಿಂದಿನ ಸ್ಥಾನಕ್ಕೆ ತರುತ್ತದೆ. ಕಿಡಿ ತಡವಾದಷ್ಟೂ ಕಸುವು ಕೊಂಚ ಇಳಿಯುತ್ತದೆ. ಮಾಮೂಲಿ ಪೆಟ್ರೋಲಿನಲ್ಲಿ ನಿಮ್ಮ ಕಾರು ಹೀಗೆ ಹಿಂಜರಿಯುತ್ತಿದ್ದರೆ, ಹೆಚ್ಚಿನ ಆಕ್ಟೇನ್ ಆ ಕಳೆದುಹೋದ ಕಸುವನ್ನು ಮರಳಿ ಕೊಡುತ್ತದೆ. ಹಿಂಜರಿಯುತ್ತಲೇ ಇಲ್ಲದಿದ್ದರೆ ಕೊಡುವುದಕ್ಕೆ ಅದರ ಬಳಿ ಏನೂ ಇಲ್ಲ. ತಯಾರಕರು ನಿಗದಿ ಮಾಡಿದ ಮಿತಿಗಿಂತ ಮುಂಚೆ ಕಿಡಿ ಹಾರಿಸಲು ಕಂಪ್ಯೂಟರಿಗೆ ಅಪ್ಪಣೆಯಿಲ್ಲ. 91 ಸಾಕು ಎಂದು ಕೈಪಿಡಿಯಲ್ಲಿ ಬರೆದ ಕಾರಿಗೆ 100 ಹಾಕಿಸಿ, ಎಳೆತ ಹೆಚ್ಚಾಯಿತು ಎನ್ನುವವರಲ್ಲಿ ಬಹಳ ಮಂದಿಗೆ ಹೆಚ್ಚಾಗಿರುವುದು ನಂಬಿಕೆ.

ಊರಿನ ಎತ್ತರವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ ಎಂದರೆ ಕೆಲವರಿಗೆ ಆಶ್ಚರ್ಯವಾಗಬಹುದು. ಬೆಂಗಳೂರು ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಸುಮಾರು ಹತ್ತನೇ ಒಂದು ಭಾಗ ಕಡಿಮೆ. ಸಿಲಿಂಡರಿಗೆ ಬರುವ ಗಾಳಿಯೇ ಕಡಿಮೆಯಾದ್ದರಿಂದ ನಾಕಿಂಗ್ ಕೂಡ ಕಡಿಮೆ. ಅದೇ ಕಾರು, ಅದೇ ಪೆಟ್ರೋಲ್, ಬೇಸಿಗೆಯಲ್ಲಿ ಕರಾವಳಿಗೋ ರಾಯಚೂರಿಗೋ ಇಳಿದಾಗ ಕಟಕಟ ಎನ್ನಬಹುದು. ಟರ್ಬೊ ಇರುವ ಕಾರುಗಳಿಗೆ ಈ ರಿಯಾಯಿತಿ ಅಷ್ಟಾಗಿ ಸಲ್ಲುವುದಿಲ್ಲ. ಅವು ತಮಗೆ ಬೇಕಾದಷ್ಟು ಗಾಳಿಯನ್ನು ತಾವೇ ತುಂಬಿಕೊಳ್ಳುತ್ತವೆ.

ಇನ್ನು ಮಾರ್ಪಾಡುಗಳು. ಸೈಲೆನ್ಸರ್ ಬದಲಿಸಿದರೆ, ಅಲಾಯ್ ಚಕ್ರ ಹಾಕಿಸಿದರೆ, ಫಿಲ್ಟರ್ ದೊಡ್ಡದು ಮಾಡಿದರೆ ಆಕ್ಟೇನಿನ ಅಗತ್ಯ ಬದಲಾಗುವುದಿಲ್ಲವೆಂದೇ ಹೇಳಬಹುದು. ಫಿಲ್ಟರಿನ ವಿಷಯದಲ್ಲಿ ಮಾತ್ರ ಒಂದು ಎಚ್ಚರಿಕೆ: ತೆರೆದ ಫಿಲ್ಟರನ್ನು ಬಾನೆಟ್ಟಿನೊಳಗೆ ರೇಡಿಯೇಟರಿನ ಹಿಂದೆ ಕೂರಿಸಿದರೆ ಎಂಜಿನ್ ಉಸಿರಾಡುವುದು ಬಿಸಿಗಾಳಿಯನ್ನು. ಕಸುವಿಗೆಂದು ಮಾಡಿದ ಕೆಲಸ ನಾಕಿಂಗನ್ನೇ ಹೆಚ್ಚಿಸುತ್ತದೆ. ಆ ಫಿಲ್ಟರಿಗೆ ಹೊರಗಿನ ತಣ್ಣನೆಯ ಗಾಳಿ ಸಿಗುವಂತೆ ಒಂದು ಕೊಳವೆ ಕೂರಿಸುವುದು ದುಬಾರಿ ಪೆಟ್ರೋಲಿಗಿಂತ ಅಗ್ಗದ ಮದ್ದು.

ಆಕ್ಟೇನ್ ನಿಜವಾಗಿ ಬೇಕಾಗುವುದು ಎರಡು ಸಂದರ್ಭಗಳಲ್ಲಿ. ಒಂದು, ಸಿಲಿಂಡರ್ ಹೆಡ್ಡನ್ನು ಅರೆದು ತೆಳುವಾಗಿಸಿ ಒತ್ತುವಿಕೆ ಹೆಚ್ಚಿಸಿದಾಗ. ಇನ್ನೊಂದು, ಟರ್ಬೊ ಕಾರಿನ ಕಂಪ್ಯೂಟರಿನ ಲೆಕ್ಕಾಚಾರವನ್ನೇ ತಿದ್ದಿ, ಅಂದರೆ ರೀಮ್ಯಾಪ್ ಮಾಡಿಸಿ, ಟರ್ಬೊ ಒತ್ತಡ ಏರಿಸಿದಾಗ. ರೀಮ್ಯಾಪ್ ಮಾಡುವವರು ಯಾವ ಆಕ್ಟೇನಿಗೆ ಹೊಂದಿಸಿದ್ದಾರೆಂದು ಕೇಳಿ ತಿಳಿಯಬೇಕು. 97ಕ್ಕೋ 99ಕ್ಕೋ ಹೊಂದಿಸಿದ ಕಾರಿಗೆ ದೂರದೂರಿನಲ್ಲಿ ಬೇರೆ ದಾರಿಯಿಲ್ಲದೆ ಮಾಮೂಲಿ ಪೆಟ್ರೋಲ್ ತುಂಬಿಸಿ ಹೆದ್ದಾರಿಯಲ್ಲಿ ತುಳಿದರೆ, ನಾಕ್ ಸೆನ್ಸರ್ ಎಷ್ಟೆಂದು ಕಾಪಾಡೀತು? ನಿಮ್ಮೂರಿನಲ್ಲೂ ನೀವು ಓಡಾಡುವ ದಾರಿಯಲ್ಲೂ ಸುಲಭವಾಗಿ ಸಿಗುವ ಪೆಟ್ರೋಲಿಗೇ ಹೊಂದಿಸಿಕೊಳ್ಳುವುದು ಜಾಣತನ.

ಇಷ್ಟರವರೆಗಿನ ಮಾತೆಲ್ಲ ಬಂಕಿನ ಪೆಟ್ರೋಲಿಗೆ ಸಂಬಂಧಿಸಿದ್ದು. ಅಲ್ಲಿ ತಪ್ಪಿದರೆ ಹೋಗುವುದು ಹಣ. ಡ್ರಮ್ಮಿನ ರೇಸ್ ಇಂಧನದ ಕಥೆಯೇ ಬೇರೆ, ಏಕೆಂದರೆ ಅವುಗಳಲ್ಲಿ ಕೆಲವಕ್ಕೆ ಇಂದಿಗೂ ಸೀಸ ಬೆರೆಸುತ್ತಾರೆ.

ಸೀಸದ ಚರಿತ್ರೆ ತಿಳಿದಿರತಕ್ಕದ್ದು. 1921ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸಿನ ಥಾಮಸ್ ಮಿಜ್ಲಿ, ಟೆಟ್ರಾಈಥೈಲ್ ಲೆಡ್ ಎಂಬ ಸೀಸದ ಸಂಯುಕ್ತವನ್ನು ಒಂದಿಷ್ಟೇ ಬೆರೆಸಿದರೆ ನಾಕಿಂಗ್ ನಿಲ್ಲುತ್ತದೆಂದು ಕಂಡುಹಿಡಿದರು. 1923ರಲ್ಲಿ ಸೀಸದ ಪೆಟ್ರೋಲ್ ಓಹಾಯೊ ರಾಜ್ಯದ ಡೇಟನ್ನಿನಲ್ಲಿ ಮಾರಾಟಕ್ಕೆ ಬಂತು. ಮರುವರ್ಷವೇ ನ್ಯೂ ಜೆರ್ಸಿಯ ಒಂದು ತಯಾರಿಕಾ ಘಟಕದಲ್ಲಿ ಸೀಸದ ವಿಷವೇರಿ ಐವರು ಕಾರ್ಮಿಕರು ಸತ್ತರು. ಮಿಜ್ಲಿಯವರಿಗೂ ಸೀಸದ ತೊಂದರೆ ತಟ್ಟಿತ್ತು. ಆದರೂ ಲೋಕವೆಲ್ಲ ಹಲವು ದಶಕ ಆ ಪೆಟ್ರೋಲನ್ನೇ ಸುಟ್ಟಿತು. ಹೊಗೆಯಲ್ಲಿ ಹೊರಬಂದ ಸೀಸ ಧೂಳಿನಲ್ಲಿ ಕೂತು ಮಕ್ಕಳ ರಕ್ತ ಸೇರಿತು. ಮಕ್ಕಳ ಮಿದುಳಿನ ಬೆಳವಣಿಗೆಗೆ ಸೀಸ ಮಾಡುವ ಹಾನಿ ಮತ್ತೆ ಸರಿಯಾಗುವಂಥದಲ್ಲ. ನಮ್ಮಲ್ಲಿ 1995ರ ಏಪ್ರಿಲಿನಲ್ಲಿ ನಾಲ್ಕು ಮಹಾನಗರಗಳಿಗೆ ಸೀಸರಹಿತ ಪೆಟ್ರೋಲ್ ಬಂತು; 2000ದ ಫೆಬ್ರವರಿ 1ರಿಂದ ಇಡೀ ದೇಶದಲ್ಲಿ ಸೀಸದ ಪೆಟ್ರೋಲ್ ನಿಂತಿತು. ರಸ್ತೆಯ ವಾಹನಗಳಿಗೆ ಅದನ್ನು ಕೊನೆಯದಾಗಿ ನಿಲ್ಲಿಸಿದ ದೇಶ ಆಲ್ಜೀರಿಯ, 2021ರಲ್ಲಿ.

ಹೀಗೆ ಪಟ್ಟು ಹಿಡಿದು ಹೊರಹಾಕಿದ ವಿಷವನ್ನು ಕ್ಯಾನಿನಲ್ಲಿ ತಂದು ನಮ್ಮ ಬೀದಿಯಲ್ಲಿ ಸುಡುವುದು ಶೋಕಿಯ ಮಾತಾಗಿ ಉಳಿಯುವುದಿಲ್ಲ. ಕಾರಿಗೂ ಅದು ವಿಷವೇ. ಹೊಗೆಯನ್ನು ಶುದ್ಧಿಮಾಡುವ ಕೆಟಲಿಟಿಕ್ ಕನ್ವರ್ಟರಿನಲ್ಲಿ ಪ್ಲಾಟಿನಂ, ಪಲೇಡಿಯಂ, ರೋಡಿಯಂ ಲೋಹಗಳ ತೆಳು ಲೇಪನವಿರುತ್ತದೆ. ಸೀಸ ಅದರ ಮೇಲೆ ಕೂತು ಕೆಲವೇ ಟ್ಯಾಂಕುಗಳಲ್ಲಿ ಅದನ್ನು ನಿಷ್ಪ್ರಯೋಜಕ ಮಾಡುತ್ತದೆ. ಆಕ್ಸಿಜನ್ ಸೆನ್ಸರಿಗೂ ಅದೇ ಗತಿ. ಎರಡನ್ನೂ ಹೊಸದಾಗಿ ಹಾಕಿಸುವ ಖರ್ಚು ಹತ್ತಾರು ಸಾವಿರ ರೂಪಾಯಿ.

ಸೀಸವಿಲ್ಲದ ರೇಸ್ ಇಂಧನಗಳಲ್ಲಿಯೂ ಕೆಲವಕ್ಕೆ ಮೆಥನಾಲಿನಂಥ ಆಮ್ಲಜನಕಯುಕ್ತ ದ್ರವಗಳನ್ನು ಧಾರಾಳವಾಗಿ ಬೆರೆಸಿರುತ್ತಾರೆ. ಒಂದು ಕಿಲೋ ಪೆಟ್ರೋಲ್ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಮೆಥನಾಲಿಗೆ ಸುಮಾರು ಆರೂವರೆ ಕಿಲೋ ಸಾಕು. ಅಂದರೆ ಅಷ್ಟೇ ಗಾಳಿಗೆ ಎರಡರಷ್ಟಕ್ಕೂ ಹೆಚ್ಚು ಇಂಧನ ಚಿಮ್ಮಬೇಕು. ಬೀದಿ ಕಾರಿನ ಇಂಜೆಕ್ಟರು, ಕಂಪ್ಯೂಟರು ಅಲ್ಪಸ್ವಲ್ಪ ವ್ಯತ್ಯಾಸವನ್ನು ಸರಿದೂಗಿಸಿಕೊಂಡಾವು. ಅದನ್ನು ಮೀರಿದರೆ ಮಿಶ್ರಣದಲ್ಲಿ ಇಂಧನ ಕಡಿಮೆಯಾಗಿ ಎಂಜಿನ್ ಮುಗ್ಗರಿಸುತ್ತದೆ, ಪೂರ್ತಿ ತುಳಿದಾಗ ಮಿತಿಮೀರಿ ಕಾಯುತ್ತದೆ. ಪೆಟ್ರೋಲಿಗೆಂದೇ ಮಾಡಿದ ರಬ್ಬರ್ ಪೈಪು, ಸೀಲುಗಳನ್ನೂ ಮೆಥನಾಲ್ ಕೆಡಿಸುತ್ತದೆ.

"ವಿಮಾನದ ಪೆಟ್ರೋಲ್" ಹಾಕಿದರೆ ಹೇಗೆ ಎಂಬುದು ಹಳೆಯ ಪ್ರಶ್ನೆ. ವಿಮಾನದ ಇಂಧನದಲ್ಲಿ ಎರಡು ಬಗೆ. ಜೆಟ್ ವಿಮಾನಗಳಿಗೆ ತುಂಬುವುದು ಸೀಮೆಎಣ್ಣೆಯ ಜಾತಿಯದು. ಅದನ್ನು ಪೆಟ್ರೋಲ್ ಕಾರಿಗೆ ಹಾಕಿದರೆ ನಾಕಿಂಗ್ ನಿಲ್ಲುವ ಬದಲು ಎಂಜಿನ್ನೇ ನಿಂತೀತು. ತರಬೇತಿಯ ಪುಟ್ಟ ವಿಮಾನಗಳು ಬಳಸುವ ಏವಿಯೇಷನ್ ಗ್ಯಾಸೊಲಿನ್ ಪೆಟ್ರೋಲಿನ ಜಾತಿಯದು, ಆಕ್ಟೇನೂ ನೂರು. ಆದರೆ ಅದರ ಬಹುಬಳಕೆಯ ದರ್ಜೆಯಲ್ಲಿ ಲೀಟರಿಗೆ 0.56 ಗ್ರಾಮಿನವರೆಗೂ ಸೀಸವಿರಬಹುದು. "ಲೋ ಲೆಡ್" ಎಂದು ಅದರ ಹೆಸರಿನಲ್ಲಿರುವುದನ್ನು ನೋಡಿ ಮೋಸಹೋಗಬಾರದು.

ಮನೆಯಲ್ಲೇ ಥಿನ್ನರ್ ಬೆರೆಸಿ ಆಕ್ಟೇನ್ ಏರಿಸುವ ಪ್ರಯೋಗವೂ ಬೇಡ. ಟಾಲುವಿನ್ ಎಂಬ ದ್ರವಕ್ಕೆ ಆ ಗುಣವಿದೆ ನಿಜ. ಆದರೆ ಬಣ್ಣದ ಅಂಗಡಿಯ ಥಿನ್ನರ್ ಹಲವು ದ್ರವಗಳ ಬೆರಕೆ, ಅದರಲ್ಲಿ ಏನೆಷ್ಟಿದೆ ಎಂದು ಡಬ್ಬಿಯ ಮೇಲೆ ಬರೆದಿರುವುದಿಲ್ಲ. ಪ್ಲಾಸ್ಟಿಕ್ ಕ್ಯಾನುಗಳಲ್ಲಿ ಇಂಧನ ತುಂಬಿ ಮನೆಯ ಮೆಟ್ಟಿಲಡಿ ಇಡುವುದರ ಅಪಾಯವನ್ನು ಬೇರೆ ಹೇಳಬೇಕಾಗಿಲ್ಲ.

ಇತ್ತೀಚಿನ ಒಂದು ಬದಲಾವಣೆಯನ್ನು ಗಮನಿಸಬೇಕು. ಶೇಕಡ 20 ಎಥನಾಲ್ ಬೆರೆತ ಪೆಟ್ರೋಲ್ 2025ರ ಹೊತ್ತಿಗೆ ದೇಶದಾದ್ಯಂತ ಮಾಮೂಲಿ ಪೆಟ್ರೋಲಾಯಿತು. ಅದಕ್ಕೆ ನಿಗದಿಯಾದ ಕನಿಷ್ಠ ಆಕ್ಟೇನ್ 95. ಲೀಟರಿಗೆ ಸಿಗುವ ಶಾಖ ಮಾತ್ರ ಸುಮಾರು ಶೇಕಡ 6-7ರಷ್ಟು ಕಡಿಮೆ. ಹಿಂದೆ 91ರಲ್ಲಿ ಕೊಂಚ ನಾಕ್ ಮಾಡುತ್ತಿದ್ದ ಕಾರು ಈಗ ತೆಪ್ಪಗಿದ್ದರೆ ಕಾರಣ ಇದೇ. ಆ ಕಾರಿಗೆ 100ರ ಪೆಟ್ರೋಲ್ ಕೊಡಿಸಬಹುದಾಗಿದ್ದ ಲಾಭ ಈಗ ಇನ್ನಷ್ಟು ಕಿರಿದಾಗಿದೆ.

ಮಾರ್ಪಾಡು ಮಾಡದ ಕಾರು ಇದ್ದಕ್ಕಿದ್ದಂತೆ ನಾಕ್ ಮಾಡತೊಡಗಿದರೆ ದುಬಾರಿ ಪಂಪಿನತ್ತ ಹೋಗುವ ಮೊದಲು ಬೇರೆ ಕಾರಣಗಳನ್ನು ನೋಡಬೇಕು. ಸಿಲಿಂಡರಿನೊಳಗೆ ಕಟ್ಟಿದ ಮಸಿ, ತಪ್ಪು ಅಳತೆಯ ಸ್ಪಾರ್ಕ್ ಪ್ಲಗ್, ಬಿಸಿಯೇರುವ ಎಂಜಿನ್, ಇಲ್ಲವೇ ಕಲಬೆರಕೆ. ಪೆಟ್ರೋಲಿಗೆ ಸೀಮೆಎಣ್ಣೆ ಬೆರೆತರೆ ಆಕ್ಟೇನ್ ಕುಸಿಯುತ್ತದೆ. ಬಂಕಿನಲ್ಲಿ ಫಿಲ್ಟರ್ ಕಾಗದ ಕೇಳುವ ಹಕ್ಕು ಗ್ರಾಹಕರಿಗಿದೆ. ನಳಿಕೆಯ ತುದಿಯನ್ನು ಒರೆಸಿ ಕಾಗದದ ಮೇಲೆ ಒಂದು ಹನಿ ಬೀಳಿಸಿ. ಎರಡು ನಿಮಿಷದಲ್ಲಿ ಅದು ಕಲೆಯುಳಿಯದಂತೆ ಆರಿಹೋಗಬೇಕು. ಕಲೆ ಉಳಿದರೆ ಸಾಂದ್ರತೆಯನ್ನೂ ಅಳೆದು ತೋರಿಸುವಂತೆ ಕೇಳಿ, ಬಿಲ್ಲನ್ನು ಜೋಪಾನವಾಗಿಟ್ಟುಕೊಂಡು ತೈಲ ಕಂಪೆನಿಗೆ ದೂರು ಬರೆಯಬಹುದು.