ಅಕ್ಕಿಯ ಸತ್ವ ಅಡಗಿರುವುದು ಬಣ್ಣದಲ್ಲಲ್ಲ, ಅದರಡಿಯ ಪದರದಲ್ಲಿ

ಬೆಂಗಳೂರು: ಚಂದ್ರಾ ಲೇಔಟ್‌ನ ದಿನಸಿ ಅಂಗಡಿಗಳಿಗೆ ಹೋಗುವ ಗ್ರಾಹಕರ ಮುಂದೆ ಬೆಳ್ಳನೆಯ ಸೋನಾ ಮಸೂರಿ, ಕೆಂಬಣ್ಣದ ರಾಜಮುಡಿ, ಕರಾವಳಿಯವರ ಕುಚ್ಚಲಕ್ಕಿ ಹೀಗೆ ಆಯ್ಕೆಗಳು ಹಲವು. ಕೆಂಪಗಿದ್ದರೆ ಪೌಷ್ಟಿಕ ಎಂಬ ನಂಬಿಕೆಯೂ ಬಲವಾಗಿದೆ. ಆದರೆ ಬಿ ಜೀವಸತ್ವ ಮತ್ತು ಖನಿಜಾಂಶಗಳ ಮಟ್ಟಿಗೆ ಮುಖ್ಯವಾದುದು ಬಣ್ಣವಲ್ಲ, ಅದರ ಕೆಳಗಿರುವ ಜೀವಕೋಶಗಳ ತೆಳು ಪದರ.

ಉಮಿ ತೆಗೆದ ಕಾಳಿನ ಮೇಲೆ ಸಿಪ್ಪೆ, ಅದರಡಿ ಬೀಜಕವಚ, ಅದಕ್ಕೂ ಕೆಳಗೆ ‘ಅಲ್ಯೂರೋನ್’ ಪದರ ಇರುತ್ತದೆ. ಕೆಂಪು ಬಣ್ಣ ಮೇಲಿನ ಹೊದಿಕೆಗೆ ಸೇರಿದ್ದು. ಎಣ್ಣೆ, ಪ್ರೋಟೀನ್, ಖನಿಜ ಹಾಗೂ ಬಿ ಜೀವಸತ್ವಗಳು ಅಲ್ಯೂರೋನ್ ಮತ್ತು ಮೊಳಕೆಯ ಭಾಗದಲ್ಲಿ ದಟ್ಟವಾಗಿರುತ್ತವೆ. ಒಳಗಿರುವುದು ಬಹುಪಾಲು ಪಿಷ್ಟ.

ತಳಿಗೊಂದು ದಪ್ಪ

ಗೋಧಿಯಲ್ಲಿ ಈ ಪದರ ಜೀವಕೋಶಗಳ ಒಂದೇ ಸಾಲು. ಬಾರ್ಲಿಯಲ್ಲಿ ಸುಮಾರು 3. ಭತ್ತದಲ್ಲಿ ಮಾತ್ರ ಅದು ಒಂದರಿಂದ ಐದು ಸಾಲುಗಳವರೆಗೆ ಬದಲಾಗುತ್ತದೆ. ಒಂದೇ ಕಾಳಿನಲ್ಲೂ ಮೊಳಕೆಯ ಬದಿಗಿಂತ ಬೆನ್ನಿನ ಬದಿಯಲ್ಲಿ ಹೆಚ್ಚು ದಪ್ಪ. ಉದ್ದ ಕಾಳಿನ ತಳಿಗಳಿಗಿಂತ ಗಿಡ್ಡ ಕಾಳಿನ ತಳಿಗಳಲ್ಲಿ ಸಾಮಾನ್ಯವಾಗಿ ಪದರ ದಪ್ಪವಾಗಿರುತ್ತದೆ. ಬೆಳೆಯುವ ಪರಿಸರವೂ ಇದರ ಮೇಲೆ ಪ್ರಭಾವ ಬೀರುತ್ತದೆ. ಹೀಗಾಗಿ ಒಂದೇ ತಳಿಯನ್ನು ಗಂಗಾವತಿಯಲ್ಲೂ ಮಂಡ್ಯದಲ್ಲೂ ಬೆಳೆದರೆ ಪದರದ ಅಳತೆ ಒಂದೇ ಆಗಿರಬೇಕೆಂದಿಲ್ಲ. ಪದರದಲ್ಲಿ ಶೇಖರವಾಗುವ ಸತುವಿನ ಪ್ರಮಾಣವೂ ಮಣ್ಣನ್ನು ಅವಲಂಬಿಸಿದೆ. 2018ರಲ್ಲಿ ಚೀನಾದ ವಿಜ್ಞಾನಿಗಳು ಒಂದು ವಂಶವಾಹಿಯ ಬದಲಾವಣೆಯಿಂದ ಈ ಪದರ ದಪ್ಪವಾಗುವುದನ್ನು ತೋರಿಸಿಕೊಟ್ಟರು.

ಗಿರಣಿಯಲ್ಲಿ ನಷ್ಟ

ಆದರೆ ಪದರ ಎಷ್ಟೇ ದಪ್ಪವಿದ್ದರೂ ಅಕ್ಕಿಯನ್ನು ಬೆಳ್ಳಗಾಗುವವರೆಗೆ ಪಾಲಿಶ್ ಮಾಡಿದರೆ ಅದು ತೌಡಾಗಿ ಹೊರಬೀಳುತ್ತದೆ. ಪಾಲಿಶ್ ಅಕ್ಕಿಯನ್ನೇ ನೆಚ್ಚಿದವರನ್ನು ಕಾಡುತ್ತಿದ್ದ ಬೆರಿಬೆರಿ ರೋಗದ ಮೂಲ ಇದೇ. ಈ ನಂಟನ್ನು ಮೊದಲು ಗುರುತಿಸಿದ ಕ್ರಿಸ್ಟಿಯಾನ್ ಐಕ್ಮನ್ ಅವರಿಗೆ 1929ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಕುಚ್ಚಲಕ್ಕಿಗಾಗಿ ಭತ್ತವನ್ನು ಬೇಯಿಸುವಾಗ ಬಿ1 ಜೀವಸತ್ವ ಕಾಳಿನ ಒಳಕ್ಕೆ ಇಳಿಯುವುದರಿಂದ ಪಾಲಿಶ್ ನಂತರವೂ ಅದು ಹೆಚ್ಚು ಉಳಿಯುತ್ತದೆ.

ಕೊಳ್ಳುವಾಗ ಗಮನಿಸಿ

ಬಣ್ಣ ಪದರದ ದಪ್ಪವನ್ನು ಹೇಳದಿದ್ದರೂ ಪಾಲಿಶ್ ಎಷ್ಟಾಗಿದೆ ಎಂಬುದನ್ನು ಹೇಳುತ್ತದೆ. ರಾಜಮುಡಿಯ ಕೆಂಪು ಪೂರ್ತಿ ಉಳಿದಿದ್ದರೆ ಅದರಡಿಯ ಅಲ್ಯೂರೋನ್ ಕೂಡ ಉಳಿದಿದೆ ಎಂದರ್ಥ. ಗೆರೆಗಳಷ್ಟೇ ಕಂಡರೆ ಸಾಕಷ್ಟು ಸತ್ವ ಹೋಗಿದೆ. ಬಿಳಿ ಅಕ್ಕಿಯಲ್ಲಿ ಕಾಳಿನ ತುದಿಯ ಮೊಳಕೆ ಉಳಿದಿದೆಯೇ ಎಂದು ನೋಡಬೇಕು. ಪಾಲಿಶ್ ಮಾಡದ ಅಕ್ಕಿ ಎಣ್ಣೆಯಂಶದಿಂದಾಗಿ ಬೇಗ ಕಮಟು ವಾಸನೆ ಹಿಡಿಯುತ್ತದೆ. ಸ್ವಲ್ಪಸ್ವಲ್ಪವೇ ಕೊಳ್ಳುವುದು ಒಳಿತು.